ಬ್ರಿಸ್ಬೇನ್‌ನಲ್ಲಿ ಕೊತ್ತಂಬರಿ: ಏಪ್ರಿಲ್‌ವರೆಗೆ ಕಾಯಿರಿ

ನಮಸ್ಕಾರ. ಜನವರಿಯಲ್ಲಿ ಬಿತ್ತಿದ ಕೊತ್ತಂಬರಿ ನಾಲ್ಕೆಲೆ ಬಿಡುವಷ್ಟರಲ್ಲಿ ಹೂವಾಯಿತು, ಈಗ ಮಾರ್ಚ್‌ನಲ್ಲಿ ಮತ್ತೆ ಬಿತ್ತಲಾ, ಅವರೆಯನ್ನೂ ಹಾಕಲಾ ಅಂತ ಕೇಳಿದ್ದೀರಿ.

ತಪ್ಪು ಮಣ್ಣಿನದಲ್ಲ. ಬಿಸಿಲು ಜಾಸ್ತಿಯಾಗಿ ಹಗಲು ಉದ್ದವಾದರೆ ಕೊತ್ತಂಬರಿ ಸೊಪ್ಪು ಬಿಡದೆ ಹೂವಿಗೆ ಹೊರಡುತ್ತದೆ. ಆಸ್ಟ್ರೇಲಿಯಾದಲ್ಲಿ ಋತುಗಳು ನಮ್ಮೂರಿಗೆ ಉಲ್ಟಾ; ಬ್ರಿಸ್ಬೇನ್‌ನಲ್ಲಿ ಮಾರ್ಚ್‌ನಿಂದ ಮೇವರೆಗೆ ಶರತ್ಕಾಲ ಅಂತಾರೆ, ಆದರೆ ಮಾರ್ಚ್‌ನಲ್ಲಿ ಸೆಕೆ ಇನ್ನೂ ಇಳಿದಿರುವುದಿಲ್ಲ. ಏಪ್ರಿಲ್ ನಡುವಿನವರೆಗೆ ಕಾಯಿರಿ. ಬೀಜವನ್ನು ಅಂಗೈಯಲ್ಲಿ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಹಾಕಿ, ಬೆಳೆಯುವ ಜಾಗದಲ್ಲೇ ಬಿತ್ತಿ. ಸಸಿ ಕಿತ್ತು ನೆಟ್ಟರೆ ಬೇರು ನಲುಗಿ ಮತ್ತೆ ಅದೇ ಕಥೆ. ಎರಡು ಮೂರು ವಾರಕ್ಕೊಮ್ಮೆ ಒಂದೊಂದು ಸಾಲು ಹಾಕಿದರೆ ಚಳಿಗಾಲ ಪೂರ್ತಿ ಸೊಪ್ಪು ಸಿಗುತ್ತದೆ. ಮೆಂತ್ಯಕ್ಕೂ ಇದೇ ಕಾಲ.

ಅವರೆ ಮಾತ್ರ ಉಲ್ಟಾ, ತಡ ಮಾಡಬೇಡಿ. ನಾಟಿ ಅವರೆ ಹಗಲು ಗಿಡ್ಡವಾದಾಗ ಹೂ ಬಿಡುವ ಗಿಡ. ನಮ್ಮೂರಲ್ಲಿ ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಕಾಯಿ ಬರುವುದು ಅದಕ್ಕೇ ಅಲ್ವಾ. ನಿಮ್ಮಲ್ಲಿ ಹಗಲು ಈಗಲೇ ಗಿಡ್ಡವಾಗುತ್ತಿದೆ. ತಡವಾದಷ್ಟೂ ಬಳ್ಳಿ ಹಬ್ಬುವ ಮೊದಲೇ ಹೂ ಕಟ್ಟಿ ಕಾಯಿ ಕಡಿಮೆಯಾಗುತ್ತದೆ. ಮುಂದಿನ ವರ್ಷ ಜನವರಿಯಲ್ಲೇ ಊರಿ.

ಬೀಜವನ್ನು ದಯವಿಟ್ಟು ಊರಿಂದ ತರಿಸಬೇಡಿ, ಆಸ್ಟ್ರೇಲಿಯಾದ ಜೈವಿಕ ಸುರಕ್ಷತಾ ನಿಯಮ ಬಹಳ ಬಿಗಿ. ನಿಮ್ಮ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ದನದ ಮೇವಿಗೆ ಅವರೆಯನ್ನೇ ಲ್ಯಾಬ್‌ಲ್ಯಾಬ್ ಅಂತ ಬೆಳೆಯುತ್ತಾರೆ. ಬೀಜದಂಗಡಿಯಲ್ಲಿ ಆ ಹೆಸರು ಹೇಳಿ, ಅಡುಗೆಗೆ ಬಳಸುವ ತಳಿ ಇದೆಯಾ ಅಂತ ವಿಚಾರಿಸಿ.