ಪ್ರತಿ ವಿಷಯಕ್ಕೂ ಪ್ರಾಜೆಕ್ಟ್: ಮಕ್ಕಳು ಕಲಿಯುತ್ತಾರೋ, ಅಂಟಿಸುತ್ತಾರೋ?

ನಿಮ್ಮ ಮಗಳು ಎಂಟನೆಯ ತರಗತಿ, ವಿಷಯಕ್ಕೊಂದರಂತೆ ಪ್ರಾಜೆಕ್ಟ್ ತರುತ್ತಾಳೆ, ರಾತ್ರಿ ಹನ್ನೊಂದರವರೆಗೆ ಕತ್ತರಿ ಗೋಂದು ಹಿಡಿದು ಕೂರುವವರು ನೀವು. ಇದರಿಂದ ಏನಾದರೂ ಉಪಯೋಗವಿದೆಯೇ ಎಂದು ಕೇಳಿದ್ದೀರಿ. ನಾನು ಸೊರಬ ತಾಲ್ಲೂಕಿನ ಒಂದು ಹಳ್ಳಿಯಿಂದ ಹತ್ತನೆಯ ತರಗತಿಗೆ ಹೋಗುತ್ತಿರುವ ವಿದ್ಯಾರ್ಥಿ. ಮೂರು ವರ್ಷಗಳಿಂದ ಈ ಅಂಟಿಸುವ ಉದ್ಯೋಗದಲ್ಲಿದ್ದೇನೆ. ಆದ್ದರಿಂದ ಉತ್ತರಿಸುವ ಅರ್ಹತೆ ಇದೆ ಎಂದುಕೊಳ್ಳುತ್ತೇನೆ.

ಮೊದಲು ತಪ್ಪೊಪ್ಪಿಗೆ. ಹಿಂದಿಗೆ ‘ಪರ್ಯಾವರಣ್’, ಇಂಗ್ಲಿಷಿಗೆ ಮಹಾನ್ ವ್ಯಕ್ತಿಗಳು, ಇವೆರಡನ್ನೂ ಪುಸ್ತಕದ ಅಂಗಡಿಯಲ್ಲಿ ಸಿಗುವ ಚಿತ್ರದ ಹಾಳೆ ತಂದು ಕತ್ತರಿಸಿ ಅಂಟಿಸಿದೆ. ಮುಖಪುಟ, ಕೃತಜ್ಞತೆ, ಪೀಠಿಕೆ, ಉದ್ದೇಶ ಎಂದು ನಾಲ್ಕು ಪುಟ ಮುಗಿದಿರುತ್ತದೆ, ವಿಷಯ ಇನ್ನೂ ಶುರುವಾಗಿರುವುದಿಲ್ಲ. ಸ್ಕೆಚ್ ಪೆನ್ನಿನಲ್ಲಿ ಅಂಚು ಎಳೆದರೆ ಉಳಿದದ್ದು ಉಪಸಂಹಾರ. ಎರಡಕ್ಕೂ ಪೂರ್ತಿ ಅಂಕ ಬಂತು. ಯಾರ ಚಿತ್ರಗಳನ್ನು ಅಂಟಿಸಿದ್ದೆ ಎಂದು ಈಗ ಕೇಳಿದರೆ ಇಬ್ಬರ ಹೆಸರನ್ನೂ ಹೇಳಲಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಯ 125ರಲ್ಲಿ 25, ಉಳಿದ ವಿಷಯಗಳ 100ರಲ್ಲಿ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪ್ರಾಜೆಕ್ಟಿನ ಅಂಕ ಸೇರುವುದು ಇದಕ್ಕೇ. ಅವು ಕೈತಪ್ಪಬಾರದು ಎಂಬ ಭಯ ಶಿಕ್ಷಕರಿಗೂ ಇದೆ, ನಮಗೂ ಇದೆ. ಅಂಗಡಿಯ ಚಿತ್ರದ ಹಾಳೆ ಮಾರಾಟವಾಗುವುದು ಆ ಭಯದಿಂದಲೇ.

ಆದರೆ ಮೂರು ಪ್ರಾಜೆಕ್ಟುಗಳು ಈ ಸಾಲಿಗೆ ಸೇರುವುದಿಲ್ಲ. ಮೂರರಲ್ಲೂ ಉತ್ತರ ಏನು ಬರುತ್ತದೆ ಎಂದು ಕೊಟ್ಟ ಶಿಕ್ಷಕರಿಗೂ ಮೊದಲೇ ಗೊತ್ತಿರಲಿಲ್ಲ.

ಒಂಬತ್ತನೆಯ ತರಗತಿಯಲ್ಲಿ ಸಮಾಜ ವಿಜ್ಞಾನಕ್ಕೆ ಊರಿನ ಒಂದು ವೀರಗಲ್ಲಿನ ಬಗ್ಗೆ ಬರೆಯಲು ಹೇಳಿದರು. ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ನಮ್ಮ ಕಲ್ಲು ದೇವಸ್ಥಾನದ ಹಿಂದೆ ಅರ್ಧ ಹೂತು ನಿಂತಿದೆ. ಅಜ್ಜಿ ಅದನ್ನು ಭೂತಪ್ಪ ಎಂದು ಕರೆದು ಕುಂಕುಮ ಹಚ್ಚಿ ಬರುತ್ತಾರೆ. ನಾವು ನಾಲ್ವರು ಹೋಗಿ ತೆಂಗಿನ ನಾರಿನಿಂದ ಪಾಚಿ ಉಜ್ಜಲು ಹೊರಟಾಗ ಅರ್ಚಕರು ಬೈದು, ನೀರು ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಎಂದರು. ಒರೆಸಿದ ಮೇಲೆ ಮೂರು ಅಂತಸ್ತು ಕಂಡವು. ಪುಸ್ತಕ ಓದುವಂತೆ ಮೇಲಿನಿಂದ ಕೆಳಕ್ಕೆ ಓದಿ ಹೀಗೆ ಬರೆದೆವು: ‘ವೀರನು ಮೊದಲು ಲಿಂಗಪೂಜೆ ಮಾಡಿದನು. ನಂತರ ಸ್ತ್ರೀಯರೊಡನೆ ಮೆರವಣಿಗೆ ಹೋದನು. ಕೊನೆಗೆ ಯುದ್ಧ ಮಾಡಿದನು.’ ಸಮಾಜ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕಂತೆ: ಕೆಳಗೆ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಕೈಲಾಸ. ಕೆಳಗಿನ ಅಂತಸ್ತಿನಲ್ಲಿ ನಾವು ನಾಯಿ ಎಂದು ಬರೆದಿದ್ದು ಹಸು. ತುರುಗಳನ್ನು ಕದ್ದೊಯ್ಯಲು ಬಂದವರ ಜೊತೆ ಹೋರಾಡಿ ಸತ್ತವನಿರಬೇಕು ಎಂದರು. ಯಾರು ಅವನು ಎಂದು ಕೇಳಿದೆವು. ಮೇಷ್ಟ್ರು ಮೊಬೈಲಿನಲ್ಲಿ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಗಳ ಸಂಗ್ರಹ ತೆರೆದರು. ಅದರ 8ನೆಯ ಸಂಪುಟ ಬಂದದ್ದು 1904ರಲ್ಲಿ. ಸೊರಬ ತಾಲ್ಲೂಕಿನ ಶಾಸನಗಳು ಇರುವುದು ಅದರಲ್ಲಿಯೇ. ನಮ್ಮ ಊರಿನ ಹೆಸರೂ ಸಿಕ್ಕಿತು, ಆದರೆ ಅದು ಬೇರೆ ಕಲ್ಲು. ನಮ್ಮ ಕಲ್ಲಿನಲ್ಲಿ ಅಕ್ಷರಗಳೇ ಉಳಿದಿಲ್ಲ. ‘ಹೆಸರು ತಿಳಿಯಲಿಲ್ಲ’ ಎಂದೇ ಉಪಸಂಹಾರ ಬರೆಯಿರಿ ಎಂದರು ಮೇಷ್ಟ್ರು. ಹಾಗೆ ಬರೆಯಬಹುದು ಎಂಬುದೇ ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ.

ಗಣಿತದ್ದು ಅಡಿಕೆ ಮರದ ಎತ್ತರ. ಕೋನಮಾಪಕಕ್ಕೆ ಒಂದು ಸ್ಟ್ರಾ ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ, ತೋಟದ ಅಂಚಿನ ಮರದ ತುದಿ ನೋಡುತ್ತಾ ದಾರ 45 ಡಿಗ್ರಿ ತೋರಿಸುವವರೆಗೆ ಹಿಂದೆ ಹಿಂದೆ ನಡೆದೆವು (ಒಬ್ಬ ಕಾಲುವೆಗೆ ಬಿದ್ದ). 45ರ ಟ್ಯಾನ್ (ಎತ್ತರವನ್ನು ದೂರದಿಂದ ಭಾಗಿಸಿದ್ದು) ಬೆಲೆ 1, ಆದ್ದರಿಂದ ಮರದವರೆಗಿನ ದೂರವೇ ಎತ್ತರ. 12 ಮೀಟರ್ ಎಂದು ಬರೆದೆವು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತಿದ ದಿನ ತುದಿಯಿಂದ ಹಗ್ಗ ಬಿಡಿಸಿ ಅಳೆದರೆ 13 ಮೀಟರ್ 40 ಸೆಂಟಿಮೀಟರ್. ‘ನಿಮ್ಮ ಲೆಕ್ಕದ ಮರ ನನ್ನ ಮರಕ್ಕಿಂತ ಗಿಡ್ಡ’ ಎಂದು ಆತ ನಕ್ಕ. ನೋಡಿದವನು ನೆಲದ ಮೇಲೆ ಮಲಗಿರಲಿಲ್ಲವಲ್ಲ, ಅವನ ಕಣ್ಣಿನ ಎತ್ತರ ಸುಮಾರು ಒಂದೂವರೆ ಮೀಟರ್ ಕೂಡಿಸುವುದನ್ನು ಮರೆತಿದ್ದೆವು.

ವಿಜ್ಞಾನದ್ದು ನನಗೆ ಎಲ್ಲಕ್ಕಿಂತ ಇಷ್ಟ. ‘ಮನೆಯಲ್ಲಿ ನಡೆಯುವ ಒಂದು ರಾಸಾಯನಿಕ ಕ್ರಿಯೆ’ ಎಂದಿದ್ದರು. ಹೆಚ್ಚಿನವರು ಅಡುಗೆ ಸೋಡಾ, ನಿಂಬೆಹಣ್ಣು ಹಿಡಿದರು. ಜೂನ್ ತಿಂಗಳು, ನಮ್ಮ ತೋಟದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೊ ಔಷಧಿ ಹೊಡೆಯುವ ಕಾಲ. ಒಂದು ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಬೇರೆ ಬೇರೆ ಕರಗಿಸಿ ಒಟ್ಟು ನೂರು ಲೀಟರ್ ನೀರಿಗೆ. ಬೆರೆಸಿದ ಮೇಲೆ ಅಪ್ಪ ಚಾಕುವನ್ನು ಆ ನೀಲಿ ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು. ನಾನು ಚಿಕ್ಕಂದಿನಿಂದ ನೋಡಿದ್ದು. ಅದೇ ವಾರ ತರಗತಿಯಲ್ಲಿ ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿ ತೋರಿಸಿದ್ದರು; ಮೊಳೆಗೆ ಕೆಂಗಂದು ಲೇಪ ಬಂದಿತ್ತು. ಎರಡೂ ಒಂದೇ ಎಂದು ನನಗೆ ಹೊಳೆದದ್ದು ಹಿತ್ತಲಲ್ಲಿ, ಕೈಯಲ್ಲಿ ಚಾಕು ಇದ್ದಾಗ. ಕಬ್ಬಿಣ ತಾಮ್ರವನ್ನು ಹೊರಗೆ ತಳ್ಳುತ್ತಿದೆ, ಅಂದರೆ ಸುಣ್ಣದ ಕೈಗೆ ಸಿಗದ ತಾಮ್ರದ ಸಲ್ಫೇಟ್ ಇನ್ನೂ ಉಳಿದಿದೆ. ಅಪ್ಪನಿಗೆ ಹೇಳಿದೆ. ‘ಅದಕ್ಕೇ ಎಳೆ ಕಾಯಿ ಸುಡುತ್ತಿದ್ದದ್ದು’ ಎಂದು ಸುಮ್ಮನಾದರು. ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಐದು ಲೋಟದಲ್ಲಿ ಬೆರೆಸಿ, ಒಂದೊಂದರಲ್ಲೂ ಒಂದು ಮೊಳೆ ಹಾಕಿ, ಒಣಗಿದ ಮೇಲೆ ಸಾಲಾಗಿ ರಟ್ಟಿಗೆ ಕಟ್ಟಿಕೊಂಡು ಹೋದೆ. ‘ಅಂದವಾಗಿಲ್ಲ’ ಎಂದು ಎರಡು ಅಂಕ ಕಡಿತವಾಯಿತು. ಇಂದಿಗೂ ಅದರ ಸಿಟ್ಟಿದೆ.

ಆದ್ದರಿಂದ ಮಗಳ ಮುಂದಿನ ಪ್ರಾಜೆಕ್ಟಿಗೆ ದಯವಿಟ್ಟು ನೀವು ಗೋಂದು ಹಿಡಿಯಬೇಡಿ. ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ, ಬೀದಿಯಲ್ಲಿ ನೀವು ಕಾರಣ ಗೊತ್ತಿಲ್ಲದೆ ಮಾಡುತ್ತಾ ಬಂದದ್ದು ಏನಿದೆ ಎಂದು ಅವಳಿಗೆ ತೋರಿಸಿ, ಅಲ್ಲಿಂದ ಎದ್ದು ಹೋಗಿ. ಅಂಚು ಎಳೆಯುವುದಿದ್ದರೆ ಕೊನೆಯ ರಾತ್ರಿ ಎಳೆದುಕೊಳ್ಳಲಿ, ಎರಡು ಅಂಕ ಎರಡು ಅಂಕವೇ.

ಮೊಳೆಗಳ ರಟ್ಟು ಶಾಲೆಯಿಂದ ಮರಳಿ ಬಂದು ಈಗ ಪಂಪ್ ಮನೆಯ ಗೋಡೆಯ ಮೇಲಿದೆ. ಆಗಸ್ಟಿನಲ್ಲಿ ಎರಡನೆಯ ಸುತ್ತು ಔಷಧಿ ಬೆರೆಸುವಾಗ ಅಪ್ಪ ಚಾಕುವನ್ನು ನನ್ನ ಕೈಗೆ ಕೊಟ್ಟರು.