ಮರುಪ್ರಶ್ನೆಗೆ ಸಿಗದ ಮತಯಾಚನೆ

ಮನೆಗೆ ಬಂದು ಮತ ಕೇಳುವುದರ ಜಾಗಕ್ಕೆ ಟಿ.ವಿ. ಜಾಹೀರಾತು ಬಂದರೆ ಮತದಾರನಿಗೆ ಕೇಡೆಂದು ನಾನು ಬರೆದಿದ್ದೆ. ಅದಕ್ಕೆ ಕಾಸರಗೋಡಿನ ಪೆರ್ಲದ ಓದುಗರೊಬ್ಬರು ಬರೆದಿದ್ದಾರೆ: ‘ಟಿ.ವಿ. ಜಾಹೀರಾತಿಗೆ ಜನ ಮರುಳಾಗುವುದಿಲ್ಲ. 2004ರಲ್ಲಿ ಸರ್ಕಾರದ ಸಾಧನೆ ಸಾರುವ “ಇಂಡಿಯಾ ಶೈನಿಂಗ್” ಜಾಹೀರಾತು ಮನೆಮನೆ ತಲುಪಿಯೂ ಆಳುವವರು ಸೋತರಲ್ಲ? ನಿಮ್ಮ ಭಯ ವೃಥಾ.’

ಮತದಾರ ದಡ್ಡನಲ್ಲವೆಂದು ನಾನೂ ನಂಬಿದವನು. ಆದರೆ ಸೋತ ಒಂದು ಜಾಹೀರಾತನ್ನು ತೋರಿಸಿ ಜಾಹೀರಾತಿಗೇ ಬಲವಿಲ್ಲವೆನ್ನುವುದು, ಒಂದು ಮಳೆಗಾಲ ಕೊಳೆರೋಗ ಬರಲಿಲ್ಲವೆಂದು ಅಡಿಕೆಗೆ ಬೋರ್ಡೋ ದ್ರಾವಣವೇ ಬೇಡವೆಂದಂತೆ. ತೋಟವಿರುವ ತಾವು ಹಾಗೆನ್ನಲಾರಿರಿ. 1964ರ ಸೆಪ್ಟೆಂಬರ್ 7ರಂದು ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಲಿಂಡನ್ ಜಾನ್ಸನ್ ಪರವಾಗಿ ಬಂದ ಒಂದು ನಿಮಿಷದ ಜಾಹೀರಾತಿನಲ್ಲಿ ಪುಟ್ಟ ಹುಡುಗಿಯೊಬ್ಬಳು ಹೂವಿನ ಎಸಳು ಎಣಿಸುತ್ತಿರುವಾಗಲೇ ಅಣುಬಾಂಬು ಸಿಡಿಯುತ್ತದೆ. ಹಣ ಕೊಟ್ಟು ಅದನ್ನು ಪ್ರಸಾರ ಮಾಡಿಸಿದ್ದು ಒಂದೇ ಸಲ. ಎದುರಾಳಿ ಗೆದ್ದರೆ ಅಣುಯುದ್ಧವೇ ಗತಿಯೆಂಬ ಸೂಚನೆ ಅದರಲ್ಲಿದೆ; ಆದರೆ ಆ ಎದುರಾಳಿ ಗೋಲ್ಡ್‌ವಾಟರ್ ಹೆಸರು ಇಲ್ಲವೇ ಇಲ್ಲ. ಹೆಸರೆತ್ತದ ಆರೋಪಕ್ಕೆ ಅವರು ಉತ್ತರಿಸುವುದಾದರೂ ಹೇಗೆ?

ನನ್ನ ತಕರಾರು ಇಲ್ಲಿಯೇ ಇದೆ: ಜಾಹೀರಾತನ್ನು ಮರುಪ್ರಶ್ನಿಸಲಾಗದು. ನಿಮ್ಮದೇ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ, ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಫಲವನ್ನು ಉಣ್ಣುತ್ತಿರುವ ಮನೆಯೊಂದಕ್ಕೆ ಮತ ಕೇಳಲು ಬಂದ ಅಭ್ಯರ್ಥಿಯೊಡನೆ ನಾನೊಮ್ಮೆ ಹೋಗಿದ್ದೆ. ಜಗಲಿಯ ಚಾಪೆಯಲ್ಲಿ ಮಲಗಿದ್ದ ಮೊಮ್ಮಗನ ಬಾಯಿ ಒರೆಸುತ್ತ ಅಜ್ಜಿ, ‘ನಾನು ಸತ್ತ ಮೇಲೆ ಇವನನ್ನು ನೋಡುವವರು ಯಾರು?’ ಎಂದರು. ಅಭ್ಯರ್ಥಿ ಕೈಯಲ್ಲಿದ್ದ ಕರಪತ್ರವನ್ನು ಮಡಚುತ್ತ, ಬಿಚ್ಚುತ್ತ, ತಲೆ ತಗ್ಗಿಸಿ ಕುಳಿತರು. ಅಜ್ಜಿ ಅವರ ಮುಖವನ್ನೇ ನೋಡುತ್ತಿದ್ದರು. ಯಾವ ಟಿ.ವಿ. ಪರದೆಯಲ್ಲಿ ಆ ಮುಖ ಕಾಣಸಿಗುತ್ತದೆ?

2004ರ ಏಪ್ರಿಲ್ 13ರ ಸುಪ್ರೀಂ ಕೋರ್ಟ್ ಆದೇಶದಂತೆ ಟಿ.ವಿ.ಯ ರಾಜಕೀಯ ಜಾಹೀರಾತಿಗೆ ಪೂರ್ವಾನುಮತಿ ಬೇಕು, ನಿಜ. ಆದರೆ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ ರೂಪಾಯಿಯ ಮಿತಿ ಹಾಕಿದ ಕಾನೂನು ಪಕ್ಷದ ವೆಚ್ಚಕ್ಕೆ ಮಿತಿ ಹಾಕಿಲ್ಲ.

ಕೇರಳದ ಗಡಿಯಲ್ಲಿರುವ ಕನ್ನಡಿಗರಾದ ನಮ್ಮ ಸಂಕಟವಂತೂ ಬೇರೆಯೇ. ಮತದಾನ ಮುಗಿಯುವ ಮುಂಚಿನ 48 ಗಂಟೆ ಟಿ.ವಿ. ಪ್ರಚಾರ ಕೂಡದು. 2024ರಲ್ಲಿ ಕಾಸರಗೋಡು ಮತ ಹಾಕಿದ್ದು ಏಪ್ರಿಲ್ 26ರಂದು, ಉತ್ತರ ಕರ್ನಾಟಕ ಮೇ 7ರಂದು; ಹೀಗಾಗಿ ಇಲ್ಲಿಯ ಮೌನದ ದಿನಗಳಲ್ಲೂ ನಮ್ಮ ಮನೆಯ ಕನ್ನಡ ವಾಹಿನಿಗಳಲ್ಲಿ ಪ್ರಚಾರ ಸಾಗಿಯೇ ಇತ್ತು. ಅದರಲ್ಲಿ ನಮ್ಮೂರಿನ ಮಾತಿರಲಿಲ್ಲ. ಮಲಯಾಳ ವಾಹಿನಿಗಳಲ್ಲಿ ನಮ್ಮ ಭಾಷೆಯಿರಲಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದು ನಿಂತಾಗ ಮಕ್ಕಳು ಪಡುವ ಪಾಡು ಯಾವ ಜಾಹೀರಾತಿಗೆ ಗೊತ್ತು?

ಮುಂದಿನ ಸಲ ನಿಮ್ಮ ಅಂಗಳಕ್ಕೆ ಬಂದವರನ್ನು ಈ ಅಧ್ಯಾಪಕರ ವಿಷಯವೊಂದನ್ನು ಕೇಳಿ, ಅವರು ಹೇಳಿದ್ದನ್ನು ಹಾಗೆಯೇ ಬರೆದು ಕಳುಹಿಸಿ. ಅಚ್ಚು ಹಾಕುತ್ತೇನೆ.