ಗ್ರಾನುಲೋಮ ಕಂಡರೆ ಕ್ಷಯವೆಂದೇ ತೀರ್ಮಾನಿಸಬೇಡಿ

ಸೂಜಿ ಪರೀಕ್ಷೆಯ ವರದಿಯ ಒಂದು ಸಾಲನ್ನಷ್ಟೇ ಬರೆದು ಚಿಕಿತ್ಸೆ ಕೇಳುವ ಪತ್ರಗಳು ಪ್ರತಿ ಬಾರಿಯೂ ಬರುತ್ತವೆ. ಅವುಗಳಲ್ಲಿ ಒಂದಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಎದೆಮೂಳೆಯ ಹಿಂದೆ ದೊಡ್ಡ ಗಡ್ಡೆಯಿದೆ. ಸೂಜಿ ಪರೀಕ್ಷೆಯಲ್ಲಿ 'ಲಿಂಫೋಸೈಟ್‌ಗಳು ಮತ್ತು ಗ್ರಾನುಲೋಮ' ಎಂದು ಬಂದದ್ದರಿಂದ ಕ್ಷಯದ ಮಾತ್ರೆ ಕೊಟ್ಟರು. ಎರಡು ತಿಂಗಳಾದರೂ ಗಡ್ಡೆ ಬೆಳೆಯುತ್ತಲೇ ಇದೆ. ಮಾತ್ರೆ ಬದಲಿಸಬೇಕೇ?

ಉತ್ತರ: ಮಾತ್ರೆಯ ಮಾತು ಆಮೇಲೆ, ರೋಗ ಯಾವುದೆಂಬುದನ್ನೇ ಮೊದಲು ಮತ್ತೊಮ್ಮೆ ನೋಡಬೇಕು. ಗ್ರಾನುಲೋಮ ಎಂಬುದು ರಕ್ಷಣಾ ಕೋಶಗಳು ಗುಂಪುಗೂಡಿ ಗಂಟಾಗುವ, ದೇಹದ ಒಂದು ಪ್ರತಿಕ್ರಿಯೆಯೇ ಹೊರತು ರೋಗದ ಹೆಸರಲ್ಲ. ಅದು ಕ್ಷಯದಲ್ಲಿ ಕಾಣುವಂತೆಯೇ ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ರೋಗದಲ್ಲಿ, ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್‌ನಲ್ಲಿ ಮತ್ತು ಸೆಮಿನೋಮಾ ಎಂಬ ಜರ್ಮ್ ಸೆಲ್ (ವೀರ್ಯಾಣು, ಅಂಡಾಣುಗಳ ಮೂಲಕೋಶ) ಗಡ್ಡೆಯಲ್ಲಿಯೂ ಕಾಣುತ್ತದೆ. ಸೂಜಿಯ ತುದಿ ಗ್ರಾನುಲೋಮ ಇರುವ ಜಾಗಕ್ಕೆ ಮಾತ್ರ ತಾಗಿದರೆ ಗಡ್ಡೆಯ ಕೋಶಗಳು ಸ್ಲೈಡಿಗೆ ಬಾರದೆಯೇ ಹೋಗಬಹುದು. ಕ್ಷಯದ ಬ್ಯಾಕ್ಟೀರಿಯಾ ನಿಜವಾಗಿಯೂ ಸಿಕ್ಕಿತ್ತೇ ಎಂದು ನೀವು ಬರೆದಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ.

ನಿಮ್ಮ ತಮ್ಮನ ವಯಸ್ಸನ್ನೂ ಗಡ್ಡೆಯ ಜಾಗವನ್ನೂ ನೋಡಿದರೆ ಸೆಮಿನೋಮಾವನ್ನು ಮರೆಯುವಂತಿಲ್ಲ. ಅದರ ಕೋಶಗಳು ದೊಡ್ಡವು, ಅವುಗಳ ನ್ಯೂಕ್ಲಿಯೋಲಸ್ (ನ್ಯೂಕ್ಲಿಯಸ್ ಒಳಗಿನ ಚುಕ್ಕೆ) ಎದ್ದು ಕಾಣುತ್ತದೆ. ಸೈಟೋಪ್ಲಾಸಂ ಗ್ಲೈಕೋಜನ್ ತುಂಬಿ ಬಹಳ ನಾಜೂಕಾಗಿರುವುದರಿಂದ, ಮಾದರಿಯನ್ನು ಗಾಜಿನ ಮೇಲೆ ಹರಡುವಾಗ ಕೈ ಸ್ವಲ್ಪ ಬಿರುಸಾದರೂ ಕೋಶಗಳು ಒಡೆದು ಬರಿಯ ನ್ಯೂಕ್ಲಿಯಸ್‌ಗಳು ಉಳಿಯುತ್ತವೆ. ಚೆಲ್ಲಿದ ಸೈಟೋಪ್ಲಾಸಂ ಅವುಗಳ ಸುತ್ತ ಹುಲಿಯ ಚರ್ಮದ ಪಟ್ಟೆಗಳಂತೆ ಹರಡಿಕೊಳ್ಳುತ್ತದೆ. ಗಾಳಿಯಲ್ಲಿ ಒಣಗಿಸಿ ಗೀಮ್ಸಾ ಬಣ್ಣ ಹಾಕಿದ ಸ್ಲೈಡಿನಲ್ಲಿ ಈ ಪಟ್ಟೆಗಳು ಚೆನ್ನಾಗಿ ಕಾಣುತ್ತವೆ; ಆಲ್ಕೋಹಾಲ್‌ನಲ್ಲಿ ಅದ್ದಿ ಪ್ಯಾಪ್ ಬಣ್ಣ ಹಾಕಿದ್ದರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿಯೇ ಎರಡೂ ಬಗೆಯ ಸ್ಲೈಡ್ ಬೇಕೆಂದು ನಾನು ಹಟ ಹಿಡಿಯುತ್ತೇನೆ. ಪಟ್ಟೆಗಳು ಕಾಣದಿದ್ದ ಮಾತ್ರಕ್ಕೆ ಸೆಮಿನೋಮಾ ಇಲ್ಲವೆಂದು ಹೇಳಲಾಗದು.

ಯುವಕನೊಬ್ಬನ ಎದೆಯ ಮುಂಭಾಗದಲ್ಲಿ ಗಡ್ಡೆಯಿದ್ದರೆ ಇಂಥ ಗಡ್ಡೆಗಳ ಸುಳಿವು ಕೊಡುವ ಎಎಫ್‌ಪಿ, ಬೀಟಾ ಎಚ್‌ಸಿಜಿ ಮತ್ತು ಎಲ್‌ಡಿಎಚ್ ರಕ್ತಪರೀಕ್ಷೆಗಳನ್ನು ಮೊದಲೇ ಮಾಡಿಸಬೇಕಿತ್ತು. ಶುದ್ಧ ಸೆಮಿನೋಮಾದಲ್ಲಿ ಎಎಫ್‌ಪಿ ಏರುವುದಿಲ್ಲ. ಸ್ಲೈಡಿನಲ್ಲಿ ಸೆಮಿನೋಮಾ ಮಾತ್ರ ಕಂಡು, ಗಡ್ಡೆಯಿಂದಾಗಿ ಎಎಫ್‌ಪಿ ಏರಿದ್ದರೆ, ಸೂಜಿ ತಾಗದ ಇನ್ನೊಂದು ಮೂಲೆಯಲ್ಲಿ ಯೋಕ್ ಸ್ಯಾಕ್ ಗಡ್ಡೆಯಂಥದ್ದು ಅಡಗಿದೆಯೆಂದೇ ತಿಳಿದು ನಾನ್‌ಸೆಮಿನೋಮಾಕ್ಕೆ, ಅಂದರೆ ಸೆಮಿನೋಮಾ ಅಲ್ಲದ ಜರ್ಮ್ ಸೆಲ್ ಗಡ್ಡೆಗೆ, ಕೊಡುವ ಚಿಕಿತ್ಸೆ ಕೊಡುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. 1997ರಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎದೆಯಲ್ಲೇ ಹುಟ್ಟಿದ ನಾನ್‌ಸೆಮಿನೋಮಾ ನೇರವಾಗಿ ಅತಿ ಹೆಚ್ಚು ಅಪಾಯದ ಗುಂಪಿಗೆ ಸೇರುತ್ತದೆ; ಸೆಮಿನೋಮಾಕ್ಕೆ ಆ ಗುಂಪೇ ಇಲ್ಲ.

ಉಳಿದ ಮಾದರಿಯಿಂದ ಸೆಲ್ ಬ್ಲಾಕ್ (ಕೋಶಗಳನ್ನು ಮೇಣದಲ್ಲಿ ಕೂರಿಸಿದ ತುಂಡು) ಮಾಡಿದ್ದರೆ, ಕೋಶದ ಪ್ರೋಟೀನ್‌ಗಳನ್ನು ಬಣ್ಣದಿಂದ ಗುರುತಿಸುವ ಇಮ್ಯುನೋ ಪರೀಕ್ಷೆಗಳನ್ನು ಮಾಡಬಹುದು: ಸೆಮಿನೋಮಾಕ್ಕೆ ಓಸಿಟಿ4 ಮತ್ತು ಸಿಡಿ117, ಎಂಬ್ರಿಯೋನಲ್ ಕಾರ್ಸಿನೋಮಾ ಎಂಬ ಇನ್ನೊಂದು ನಾನ್‌ಸೆಮಿನೋಮಾಕ್ಕೆ ಓಸಿಟಿ4 ಜೊತೆ ಸಿಡಿ30, ಯೋಕ್ ಸ್ಯಾಕ್‌ಗೆ ಗ್ಲಿಪಿಕಾನ್-3. ಒಂದೇ ಬಣ್ಣವನ್ನು ನಂಬಿ ವರದಿ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಕಾರ್ಸಿನೋಮಾದಲ್ಲಿಯೂ (ಒಂದು ಬಗೆಯ ಕ್ಯಾನ್ಸರ್) ಸಿಡಿ117 ಪಾಸಿಟಿವ್ ಬರುತ್ತದೆ. ವಯಸ್ಸನ್ನೂ ಬರೆಯದೆ, ಸಿಟಿ ವರದಿಯನ್ನೂ ಲಗತ್ತಿಸದೆ 'ಎದೆಯ ಗಡ್ಡೆ' ಎಂಬೆರಡೇ ಪದಗಳ ಚೀಟಿಯೊಡನೆ ಸ್ಲೈಡ್ ಕಳಿಸುವ ವೈದ್ಯರದ್ದೂ ಅಷ್ಟೇ ದೊಡ್ಡ ತಪ್ಪು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಳೆಯ ಸ್ಲೈಡ್‌ಗಳನ್ನು ಕೇಳಿ ಪಡೆದು, ಕ್ಯಾನ್ಸರ್ ಕೋಶಗಳನ್ನು ನಿತ್ಯ ನೋಡುವ ಪೆಥಾಲಜಿಸ್ಟ್ ಒಬ್ಬರಿಗೆ ಈ ವಾರವೇ ತೋರಿಸಿ, ರಕ್ತಪರೀಕ್ಷೆ ಮಾಡಿಸಿ, ದಪ್ಪ ಸೂಜಿಯ ಬಯಾಪ್ಸಿ ಆಗಬಹುದೇ ಎಂದು ವೈದ್ಯರನ್ನು ಕೇಳಿ. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಅಥವಾ ಮುಖ ಊದಿಕೊಂಡಿದ್ದರೆ ಇಂದೇ ಆಸ್ಪತ್ರೆಗೆ ಸೇರಿಸಿ.

ಪ್ರಶ್ನೆ: ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದಂತೆ, ಹೌದೇ?

ಉತ್ತರ: ಆ ಭಯದಿಂದ ಪರೀಕ್ಷೆಯನ್ನು ಮುಂದೂಡಬೇಡಿ, ಸೂಜಿಗಿಂತ ವಿಳಂಬವೇ ಹೆಚ್ಚು ಅಪಾಯಕಾರಿ.

ಪ್ರಶ್ನೆ: ಗಡ್ಡೆ ಎದೆಯಲ್ಲಿದ್ದರೆ ವೃಷಣದ ಸ್ಕ್ಯಾನ್ ಏಕೆ?

ಉತ್ತರ: ಅಲ್ಲಿ ಹುಟ್ಟಿ ಎದೆಗೆ ಹರಡಿದ್ದೇ ಎಂದು ತಿಳಿಯಲು. ನಾಚಿಕೊಳ್ಳದೆ ಮಾಡಿಸಿ.

ಪ್ರಶ್ನೆ: ಬೇರು-ಸೊಪ್ಪಿನ ಔಷಧಿಯಿಂದ ಎದೆಯ ಗಡ್ಡೆ ಕರಗುತ್ತದೆಂದು ಒಬ್ಬರು ಹೇಳುತ್ತಾರೆ. ಮೊದಲು ಅದನ್ನು ನೋಡೋಣವೇ?

ಉತ್ತರ: ಬೇಡ. ಸಿಸ್‌ಪ್ಲಾಟಿನ್ ಇರುವ ಕೀಮೋಥೆರಪಿಯಿಂದ ಹರಡಿದ ಮೇಲೂ ಗುಣವಾಗಬಲ್ಲ ಕೆಲವೇ ಕ್ಯಾನ್ಸರ್‌ಗಳಲ್ಲಿ ಜರ್ಮ್ ಸೆಲ್ ಗಡ್ಡೆಯೂ ಒಂದು. ಅಂಥ ರೋಗಿಯನ್ನು ಸೊಪ್ಪಿನ ರಸ ಕೊಟ್ಟು ತಿಂಗಳುಗಟ್ಟಲೆ ಕೂರಿಸುವವರು ಅವನ ಪ್ರಾಣವನ್ನೇ ಪಣಕ್ಕಿಡುತ್ತಿದ್ದಾರೆ.